ಚಿತ್ರವಿಲ್ಲದೆ ಸೂತ್ರವಿಲ್ಲ

ಮೇಷ್ಟ್ರೇ,

ಭೌತಶಾಸ್ತ್ರದ ಸೂತ್ರಗಳಿಗೆ ನಾನು ಪ್ರಾಸ ಕಟ್ಟಿದ್ದ ನೋಟ್‌ಬುಕ್ಕನ್ನು ಕಿಟಕಿಯಾಚೆ ಎಸೆದು, "ಪ್ರಾಸ ಕಟ್ಟೋರು ಪಾಸಾಗಲ್ಲ" ಎಂದಿರಿ. ಅದೂ ಪ್ರಾಸವೇ ಎಂದು ನಿಮಗೆ ಹೊಳೆಯಲಿಲ್ಲ.

ನೀವು ತೀರಿಕೊಂಡ ಮೇಲೆ ನಿಮ್ಮ ಮೊಮ್ಮಗಳು ನನ್ನಲ್ಲಿಗೇ ಟ್ಯೂಷನ್ನಿಗೆ ಬರುತ್ತಿದ್ದಾಳೆ. ಇವತ್ತು ಪರೀಕ್ಷೆಯ ಅಂಕ ತಂದಳು: ಎಪ್ಪತ್ತಕ್ಕೆ ಅರವತ್ತಾರು.

"ತಾತನ ನೋಟ್ಸ್ ತೆಗೆದ್ರೆ ನಿದ್ದೆ ಬರ್ತಿತ್ತು ಮಿಸ್. ನೀವು ಹೇಳಿಕೊಟ್ಟ 'ಚಿತ್ರವಿಲ್ಲದೆ ಸೂತ್ರವಿಲ್ಲ, ಏಕಮಾನವಿಲ್ಲದೆ ಅಂಕವಿಲ್ಲ' ಅಂದ್ಕೊಂಡೇ ಲೆಕ್ಕ ಎಲ್ಲಾ ಮಾಡ್ದೆ."

ನನ್ನ ಹೊಟ್ಟೆ ತಣ್ಣಗಾಯಿತು.

"ನೀವು ತಾತನ ಶಿಷ್ಯೆ ಅಂತೆ, ಹೌದಾ?"

"ಯಾರು ಹೇಳಿದ್ದು?"

"ತಾತನೇ. ಮನೆಗೆ ಬಂದವರಿಗೆಲ್ಲಾ ಹೇಳ್ತಿದ್ರು, ಅವಳಷ್ಟು ಜಾಣೆ ಇನ್ನೊಬ್ಬಳು ಬರಲಿಲ್ಲ ಅಂತ."

"ವಯಸ್ಸಾದ್ಮೇಲೆ ಮರೆವು ಜಾಸ್ತಿ ಕಣಮ್ಮ. ಅದು ಬೇರೆ ಯಾರೋ ಇರಬೇಕು" ಎಂದೆ.

ಅವಳು ನಂಬಿಬಿಟ್ಟಳು, ಮೇಷ್ಟ್ರೇ.