ನಕ್ಷೆಯಲ್ಲಿಲ್ಲದ ಒಲೆ

ಗ್ಯಾಸಿನ ಕೊಳವೆ ಯೋಜನೆಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಹೆಂಗಸರೆಲ್ಲ ನಿಮ್ಮ ಕೊಳವೆಗೆ ಒಪ್ಪಿದ್ದಾರೆಂದು ಪತ್ರಿಕೆಯಲ್ಲಿ ಪ್ರಕಟಿಸಿದ್ದೀರಿ. ಅದು ಸುಳ್ಳು. ಆ ಸುಳ್ಳಿಗೆ ಸಾಕ್ಷಿಯ ಸಹಿ ಹಾಕಿದವಳು ನಾನು. ಈ ನಾಚಿಕೆಯನ್ನು ಮನೆಯೊಳಗೆ ಮುಚ್ಚಿಟ್ಟುಕೊಳ್ಳುವ ಹಕ್ಕು ನನಗಿಲ್ಲವೆಂದು ಅದೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ದನಗಳ ದೊಡ್ಡಿಯ ಸಗಣಿಯಿಂದ ಗ್ಯಾಸ್ ತೆಗೆದು, ನಮ್ಮ ಓಣಿಯ ಅಡಿಯಲ್ಲಿ ಹಾಯಿಸಿ, ಅಧಿಕಾರಿಗಳ ವಸತಿಗೃಹಗಳಿಗೆ ಒಯ್ಯುತ್ತೀರಂತೆ. ಸಗಣಿ ನಮ್ಮದು, ಓಣಿ ನಮ್ಮದು, ಹೊಗೆಯೂ ನಮಗೇ ಇರಲಿ. ನೀಲಿ ಉರಿ ಮಾತ್ರ ನಿಮ್ಮ ಮನೆಯವರಿಗೆ. ಇದರ ಹೆಸರು ಸಾರ್ವಜನಿಕ ಹಿತ. ಆದರೆ ಆ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿದ್ದಾದರೂ ಹೇಗೆ?

ನಿಮ್ಮ ಕಾರಕೂನರು ಬಂದದ್ದು ಬೆಳಗಿನ ಅಡಿಗೆಯ ಹೊತ್ತಿಗೆ. ಎಂಟು ತಿಂಗಳ ನನ್ನ ಮಗಳಿಗೆ ಜ್ವರ; ಹೆಗಲ ಮೇಲೆ ಅಳುತ್ತಿದ್ದಳು. "ಬಾಯಾರ, ನೀವು ಬಿ.ಎ. ಆದಾರು. ಓದಿ ಹೇಳೇನಿ ಅಂತ ನೀವೊಬ್ರು ಸಹಿ ಮಾಡಿದ್ರ ಸಾಕ್ರಿ, ಉಳಿದಾರು ಹೆಬ್ಬಟ್ಟು ಒತ್ತತಾರ" ಎಂದರು. ಇಂಗ್ಲಿಷಿನ ಎರಡು ಹಾಳೆ. ಮೊದಲನೆಯದನ್ನು ಓದಿದೆ, ಎರಡನೆಯದನ್ನು ತಿರುವಲಿಲ್ಲ. ಮಗುವಿನ ನೆಪ ಹೇಳಬಹುದು. ಖರೇ ಹೇಳುವುದಾದರೆ, ಓಣಿಯೆದುರು ‘ಬಿ.ಎ. ಆದವರು’ ಎನ್ನಿಸಿಕೊಂಡ ಸುಖವೇ ನನಗೆ ಸಾಕಾಗಿತ್ತು.

"ಏನೈತ್ರಿ ಅದರಾಗ?" ಎಂದು ಕೇಳಿದಳು ಪಕ್ಕದ ಮನೆಯ ಹುಲಿಗೆವ್ವ. ಓಣಿಗೆಲ್ಲ ರೊಟ್ಟಿ ಬಡಿದು ಮಾರುವವಳು.

"ಏನಿಲ್ಲವಾ, ಪೈಪ್ ಹಾಕ್ತಾರಂತ" ಎಂದುಬಿಟ್ಟೆ.

ಕಾರಕೂನರ ಮಸಿಯ ಡಬ್ಬಿ ಒಣಗಿಹೋಗಿತ್ತು. ಹುಲಿಗೆವ್ವ ನಗುತ್ತ ಇಳಿಸಿಟ್ಟು ಆರಿದ್ದ ತನ್ನ ಹಂಚನ್ನು ಬೋರಲು ಹಾಕಿ, ತಳದ ಮಸಿಗೆ ಹನಿ ಎಣ್ಣೆ ಸವರಿದಳು. "ಇದರಾಗ ಒತ್ರವಾ, ಸರಕಾರಕ್ಕೂ ಒಂದೀಟು ನಮ್ಮ ಮಸಿ ಹತ್ತಲಿ!" ಹದಿನಾಲ್ಕು ಹೆಬ್ಬೆರಳು ಅದನ್ನೇ ಮುಟ್ಟಿ ನಿಮ್ಮ ಹಾಳೆಯ ಮೇಲೆ ಊರಿದವು.

ಮೂರು ದಿನಕ್ಕೆ ಜ್ವರ ಇಳಿಯಿತು. ಕಾರಕೂನರು ಬಿಟ್ಟುಹೋದ ಪ್ರತಿಯನ್ನು ಆಗ ತೆರೆದೆ. ಎರಡನೆಯ ಹಾಳೆಯೇ ನಕ್ಷೆ. ಕೊಳವೆ ಒಂದೂವರೆ ಅಡಿ ಆಳದಲ್ಲಿ, ಹುಲಿಗೆವ್ವನ ಒಲೆಯ ನೇರ ಕೆಳಗೆ. ಆ ಜಾಗದ ಮೇಲೆ ‘ಖಾಲಿ ನಿವೇಶನ’ ಎಂದು ಬರೆದಿದೆ. ಒಲೆಯ ಗೋಡೆಯಿಂದ ಈಚೆಗೆ ನನ್ನ ಮಗಳ ತೊಟ್ಟಿಲು. ಅಂದಿನಿಂದ ನನಗೆ ನಿದ್ದೆಯಿಲ್ಲ. ಸೋರಿದ ಗ್ಯಾಸಿಗೆ ಬೆಂಕಿ ತಗುಲಿದರೆ ಏನಾಗುವುದೆಂದು ಬಲ್ಲ ಇಂಜಿನಿಯರರು ನಿಮ್ಮಲ್ಲಿರಬಹುದು; ಅಲ್ಲೊಂದು ಒಲೆಯಿದೆಯೆಂದು ಬಲ್ಲವರು ಒಬ್ಬರೂ ಇಲ್ಲವೇ?

ಹುಲಿಗೆವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುವ ಕೈ ನಿಂತಿತು. "ನಾವು ಓದಾಕ ಬರಲಾರದ್ದಕ್ಕ ಹೆಬ್ಬಟ್ಟು ಒತ್ತಿದ್ವಿ. ನೀವು ಓದಾಕ ಬಂದೂ ಹೆಬ್ಬಟ್ಟ ಒತ್ತಿದಂಗಾತಲ್ರಿ, ಬಾಯಾರ." ಇಷ್ಟು ಹೇಳಿ, ಕೂಸಿಗೆಂದು ಮೆತ್ತನೆಯದೊಂದು ರೊಟ್ಟಿ ಮುರಿದುಕೊಟ್ಟಳು. ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ತಕರಾರು ಸಲ್ಲಿಸುವ ಮುದ್ದತು ಮುಗಿಯಲು ಇನ್ನೂ ಎಂಟು ದಿನವಿದೆ. ನನ್ನ ಸಹಿಯನ್ನು ಹೊಡೆದುಹಾಕಿ. ಒಲೆ ಆರಿದ ಮಧ್ಯಾಹ್ನ ನೀವೇ ಓಣಿಗೆ ಬಂದು, ಎರಡೂ ಹಾಳೆಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಒಪ್ಪಿಗೆ ಕೇಳಿ. ಅಲ್ಲಿ ಒಲೆಯೇ ಇಲ್ಲವೆಂದು ನಿಮ್ಮ ನಕ್ಷೆ ಹಟ ಹಿಡಿದರೆ, ಕಡತ ತೆಗೆದು ಆ ಹದಿನಾಲ್ಕು ಹೆಬ್ಬೆಟ್ಟುಗಳ ಮೇಲೆ ಬೆರಳಾಡಿಸಿ ನೋಡಿ. ನಿಮ್ಮ ಕೈಗೆ ಹತ್ತುವುದು ಅದೇ ಒಲೆಯ ಮಸಿ.

ಇಂತಿ,
ಓದದೆಯೇ ‘ಓದಿ ಹೇಳಿದ್ದೇನೆ’ ಎಂದು ಸಹಿ ಮಾಡಿದ
ಮಂದಾಕಿನಿ, ಬಿ.ಎ.
ಹಳೇ ಹುಬ್ಬಳ್ಳಿ, 1964