ಗುಲಾಬಿ ಗುಲಾಮ

ಮುವೊಟಾ ಕಣಿವೆ,
ಅಕ್ಟೋಬರ್, ಗುರುವಾರ ಮಧ್ಯಾಹ್ನ

ಎದುರು ಕುರ್ಚಿಯ ಅಗಾಥಾಳಿಗೆ,

ಮೂರು ಮನೆ ಆಚೆ ಇರುವವಳಿಗೆ ಅಂಚೆಯಲ್ಲಿ ಪತ್ರ ಹಾಕುತ್ತಿದ್ದೇನೆ. ನಗುವುದಿದ್ದರೆ ನಗು. ಬಾಯಲ್ಲೇ ಹೇಳೋಣವೆಂದು ಎರಡು ಸಲ ನಿನ್ನ ಮೆಟ್ಟಿಲವರೆಗೂ ಬಂದಿದ್ದೆ. ಮೊದಲ ಸಲ ಒಳಗಿನಿಂದ ಲೀಸಲೊಟ್ಟೆಯ ನಗು ಕೇಳಿಸಿತು, ವಾಪಸ್ ಬಂದೆ. ಎರಡನೇ ಸಲ ಯಾರ ನಗುವೂ ಕೇಳಿಸಲಿಲ್ಲ, ಆದರೂ ವಾಪಸ್ ಬಂದೆ.

ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಬೆಳಿಗ್ಗೆ ಎದ್ದು ಕಾಫಿ ಕಾಯಿಸುವಾಗಲೇ ಶುರುವಾಗುವಂಥದ್ದು. ನಿನ್ನ ಸ್ಟ್ಯಾಂಪಿನ ಮೇಲೆ, ಪತ್ರಿಕೆಯಲ್ಲಿ ಬಂದ ನಿನ್ನ ಫೋಟೋದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಬರ್ನ್‌ನ ಲೀಸಲೊಟ್ಟೆಯ ಮೇಲೆ.

ಆ ಮಾರ್ಚ್ ತಿಂಗಳ ಬೆಳಗು ನಿನಗೂ ನೆನಪಿರುತ್ತದೆ. ನಮ್ಮ ಜಾಸ್ ಇಸ್ಪೀಟಿನ ಎಲೆಗಳ ಚಿತ್ರವಿರುವ, ಅಂಟಿಸಲೊಂದು ಫೋನಿನಲ್ಲೊಂದು ಸಿಗುವ ಕ್ರಿಪ್ಟೋ ಸ್ಟ್ಯಾಂಪ್ ಬರುತ್ತದೆಂದು ಸುದ್ದಿಯಾಗಿ, ಈಗ ಅಂಚೆಯನ್ನೂ ನೋಡಿಕೊಳ್ಳುವ ಬೆನೆಡಿಕ್ಟಾಳ ಅಂಗಡಿಯ ಮುಂದೆ ಹಿಮದಲ್ಲಿ ಸಾಲು ನಿಂತಿತ್ತು. ಅಂಟಿಸುವ ಸ್ಟ್ಯಾಂಪ್ ಎಲ್ಲರಿಗೂ ಒಂದೇ, ಎಲೆಯ ಬೆನ್ನಿನ ಚಿತ್ರದ್ದು. ಜೊತೆಗೆ ಬರುವ ಚೀಟಿಯ ಬೂದು ಪಟ್ಟಿಯನ್ನು ಉಗುರಿನಿಂದ ಕೆರೆದು ಫೋನಿಗೆ ತೋರಿಸಿದರೆ ನಿನ್ನ ಪಾಲಿಗೆ ಯಾವ ಎಲೆ ಬಿದ್ದಿದೆ ಎಂದು ಗೊತ್ತಾಗುತ್ತದೆ. ಗಂಟೆ ಬಣ್ಣದ ಆರು, ಓಕ್ ಕಾಯಿ ಬಣ್ಣದ ಏಳು, ಇಂಥ ಸಣ್ಣ ಎಲೆಗಳು ಬುಟ್ಟಿಗಟ್ಟಲೆ. ಗುಲಾಬಿ ಗುಲಾಮ ಮಾತ್ರ ದೇಶಕ್ಕೆಲ್ಲ ಬೆರಳೆಣಿಕೆಯಷ್ಟು.

ಸಾಲಿನಲ್ಲಿ ನಾನು ಮುಂದೆ, ನೀನು ನನ್ನ ಹಿಂದೆ. ಬೆನೆಡಿಕ್ಟಾ ಕೊನೆಯ ಎರಡು ಚೀಟಿಗಳನ್ನು ಕೌಂಟರಿನ ಮೇಲೆ ಒಂದರ ಮೇಲೊಂದು ಇಟ್ಟು, "ಮೇಲಿಂದು ನಿಂದು ಬುರ್ಗಿ, ತಗೋ" ಅಂದಳು. ನಾನು ಕೈ ಚಾಚಿದವಳು ಯಾಕೋ ನಿಂತುಬಿಟ್ಟೆ. ಕೆಳಗಿನದು ಒಳ್ಳೆಯದಿರಬಹುದೇ ಎಂಬ ಅನುಮಾನ ಬಂತು. ನಿನ್ನ ಕಡೆ ತಿರುಗಿ, "ತಳ್ಳಿದೆ" ಅಂದೆ.

ಅಂಗಡಿಯೆಲ್ಲ ನಕ್ಕಿತು. ಜಾಸ್ ಆಡುವಾಗ ತುರುಪು ಹೇಳುವ ಸರದಿ ಬಂದು ಧೈರ್ಯ ಸಾಲದಿದ್ದರೆ ಎದುರು ಕೂತ ಜೊತೆಗಾರಳಿಗೆ ಹೇಳುವ ಮಾತನ್ನು ನಾನು ಸ್ಟ್ಯಾಂಪ್ ಕೊಳ್ಳುವಾಗ ಹೇಳಿದ್ದೆ. "ಬುರ್ಗಿ ಶವಪೆಟ್ಟಿಗೆ ಆರಿಸೋಕೂ ತಳ್ತಾಳೆ ನೋಡ್ತಿರಿ!" ಎಂದ ಹಿಂದೆ ನಿಂತಿದ್ದ ವೀಸಿ. ನೀನೂ ನಕ್ಕು, ಮೇಲಿನ ಚೀಟಿಯನ್ನು ಎತ್ತಿಕೊಂಡೆ. ಅಲ್ಲೇ ನಿಂತು ಕೆರೆದೆ. ಬೆನೆಡಿಕ್ಟಾ ತನ್ನ ಫೋನು ಹಿಡಿದಳು, ಆಮೇಲೆ ಕಿರುಚಿದಳು.

ಗುಲಾಬಿ ಗುಲಾಮ. ಬಾಯಲ್ಲಿ ಪೈಪು ಕಚ್ಚಿಕೊಂಡು, ಕೈಯಲ್ಲಿ ಗುಲಾಬಿ ಹಿಡಿದು ನಿಂತಿದ್ದ. ನಾನು ನಿನ್ನನ್ನು ಅಪ್ಪಿಕೊಂಡೆ, ಕುಣಿದೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ನನ್ನ ಚೀಟಿಯನ್ನು ಮಾತ್ರ ಕೆರೆಯಲಿಲ್ಲ. ನೀನು ಕೇಳಿದಾಗ "ಗಂಟೆಯ ಆರು ಬಂತು ಮಾರಾಯ್ತಿ, ನನ್ನ ಹಣೆಬರಹ" ಅಂದಿದ್ದೆನಲ್ಲ, ಅದು ಸುಳ್ಳು. ಕೆರೆಯದೆ ಇದ್ದಷ್ಟು ದಿನ ಅದರೊಳಗೆ ಏನು ಬೇಕಾದರೂ ಇರಬಹುದು, ನಿನ್ನದಕ್ಕಿಂತ ದೊಡ್ಡದೂ ಇರಬಹುದು. ಸಕ್ಕರೆ ಡಬ್ಬಿಯ ಹಿಂದೆ ಇಟ್ಟುಕೊಂಡು ಏಳು ತಿಂಗಳು ಅದನ್ನೇ ನಂಬಿಕೊಂಡು ಬದುಕಿದೆ.

ಲೀಸಲೊಟ್ಟೆ ಬಂದದ್ದು ಪತ್ರಿಕೆಯಲ್ಲಿ "ನಿವೃತ್ತ ಅಂಚೆಯಮ್ಮನ ಕೈಗೆ ಗುಲಾಬಿ ಗುಲಾಮ" ಎಂದು ಬಂದ ಮೇಲೆ. ಸ್ಟ್ಯಾಂಪ್ ಸಂಗ್ರಹಿಸುವವಳಂತೆ, ಫೋನಿನಲ್ಲಿ ಅದನ್ನು ಜೋಪಾನವಾಗಿಡುವುದು ಹೇಗೆಂದು ನಿನಗೆ ಕಲಿಸಿದಳಂತೆ, ಹವಾ ಚೆನ್ನಾಗಿದೆ ಎಂದು ಇಲ್ಲೇ ಮನೆ ಮಾಡಿದಳಂತೆ. ಮಾಡಲಿ. ಆದರೆ ಮೊದಲ ದಿನ ಲಿಂಡೆ ಹೋಟೆಲಿನಲ್ಲಿ ನಮ್ಮ ಎಲೆಗಳನ್ನು ಕೈಯಲ್ಲಿ ಹಿಡಿದು ಅವಳು ಗುಲಾಬಿಗೆ ಆಟಿನ್ ಅಂದಳು! ಬರ್ನ್‌ನಲ್ಲಿ ಅವರು ಆಡುವ ಎಲೆಗಳೇ ಬೇರೆ, ನಿಜ. ಯಾರಾದರೂ ಹೊಸಬರು ಹಾಗೆ ಅಂದಿದ್ದರೆ ನೀನು ಅಂಕ ಬರೆಯುವ ಚಾಕ್‌ಪೀಸು ಎಸೆಯುತ್ತಿದ್ದೆ. ಅವಳಿಗೆ ಮಾತ್ರ, "ಪರವಾಗಿಲ್ಲ, ನಿಧಾನಕ್ಕೆ ಅಭ್ಯಾಸ ಆಗುತ್ತೆ" ಅಂದೆ. ಆಮೇಲೆ ಒಂದು ಗುರುವಾರದ ಆಟಕ್ಕೆ ನಾನು ಹಲ್ಲುನೋವೆಂದು ಬರಲಿಲ್ಲ. ಮುಂದಿನ ಗುರುವಾರ ಬಂದರೆ ನನ್ನ ಕುರ್ಚಿಯಲ್ಲಿ ಅವಳು.

ಕೆಟ್ಟ ಎಲೆ ಬಂದರೆ ನೀನು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಳ್ಳುತ್ತೀಯ. ಮೂವತ್ತೊಂದು ವರ್ಷ ಎದುರು ಕೂತು ಅದನ್ನು ಕಂಡವಳು ನಾನೊಬ್ಬಳೇ. ಈಗ ಅದು ಅವಳಿಗೂ ಗೊತ್ತಾಗಿರಬಹುದು ಎಂದು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅದಕ್ಕೇ ಆ ದಿನ ಲಿಂಡೆಯಲ್ಲಿ ಎಲ್ಲರೆದುರು ಬಾಯಿ ಬಿಟ್ಟದ್ದು. ಲೀಸಲೊಟ್ಟೆ ಫೋನು ಹಿಡಿದು ಮೇಜಿಂದ ಮೇಜಿಗೆ, "ನಮ್ಮ ಅಗಾಥಾದು ನೋಡಿ" ಎಂದು ತೋರಿಸುತ್ತಿದ್ದಳು. ಆ 'ನಮ್ಮ' ನನಗೆ ತಡೆಯಲಾಗಲಿಲ್ಲ.

"ಆ ಎಲೆ ನಂದು. ಸಾಲಲ್ಲಿ ಮುಂದೆ ಇದ್ದವಳು ನಾನು."

ನೀನು ಚಾಕ್‌ಪೀಸು ಕೆಳಗಿಟ್ಟೆ. "ತಳ್ಳಿದ್ದು ಯಾರೇ?"

"ನಾನೇ ತಳ್ಳಿದ್ದು. ತಳ್ಳಿ ಗೆದ್ರೆ ಗೆದ್ದದ್ದು ಇಬ್ಬರಿಗೂ ಅಲ್ವೇನೇ? ಆಟದ ನಿಯಮ ಮರೆತುಹೋಯ್ತಾ?"

"ನೀನು ಹೆದರ್ಕೊಂಡು ತಳ್ತೀಯ ಬುರ್ಗಿ. ಗೆದ್ರೆ ಪಾಲು ಕೇಳ್ತೀಯ, ಸೋತ್ರೆ ಅಗಾಥಾ ಹೇಳಿದ್ದು ಅಂತೀಯ. ಮೂವತ್ತೊಂದು ವರ್ಷದಿಂದ ನೋಡ್ತಾ ಇದ್ದೀನಿ."

ಲೀಸಲೊಟ್ಟೆ ನನ್ನ ಕಡೆ ಅಯ್ಯೋ ಪಾಪ ಎಂಬಂತೆ ನೋಡಿದಳು. ನಿನ್ನ ಮಾತಿಗಿಂತ ಅವಳ ಆ ನೋಟಕ್ಕೇ ನಾನು ಕೋಟು ಎತ್ತಿಕೊಂಡು ಹೊರಟದ್ದು.

ನಾಲ್ಕು ವಾರ ಕೂತು ಯೋಚಿಸಿದೆ ಅಗಾಥಾ. ಮೊದಲ ಎರಡು ವಾರ ನಿನ್ನನ್ನು ಬೈಯುವುದರಲ್ಲೇ ಹೋಯಿತು. ಮೂರನೇ ವಾರ ಹಳೆಯದೊಂದು ನೆನಪಾಯಿತು. ಊರಿನ ಅಂಚೆ ಕಚೇರಿಯ ಕೆಲಸಕ್ಕೆ ಕರೆಯಲು ಹಳೆಯ ಪೋಸ್ಟ್‌ಮಾಸ್ಟರು ಮೊದಲು ಬಂದದ್ದು ನಮ್ಮ ಮನೆಗೆ. ಲೆಕ್ಕ ತಪ್ಪಿದರೆ, ಯಾರಾದರೂ ಬೈದರೆ ಎಂದು ಹೆದರಿ, "ಅಗಾಥಾನ್ನ ಕೇಳಿ" ಅಂದೆ. ನೀನು ಇಪ್ಪತ್ತಾರು ವರ್ಷ ಆ ಕಿಟಕಿಯ ಹಿಂದೆ ಕೂತು ಕಣಿವೆಯ ಪತ್ರಗಳಿಗೆಲ್ಲ ಮುದ್ರೆ ಹೊಡೆದೆ. ನಾನು ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಾ, ಆ ಕಿಟಕಿ ನನ್ನದಾಗಬೇಕಿತ್ತು ಎಂದುಕೊಂಡೆ. ಅದನ್ನು ಯಾರೂ ನನ್ನಿಂದ ಕಿತ್ತುಕೊಂಡಿರಲಿಲ್ಲ. ನೀನು ಹೇಳಿದ್ದು ನಿಜ, ಹೇಳಿದ ಜಾಗ ಮಾತ್ರ ಸರಿಯಿರಲಿಲ್ಲ.

ಮುಂದಿನ ತಿಂಗಳ ಮಾರ್ಟಿನ್ ಹಬ್ಬದ ಜಾಸ್ ಪಂದ್ಯಕ್ಕೆ ಜೋಡಿಗಳ ಪಟ್ಟಿಯನ್ನು ಲಿಂಡೆಯ ಬಾಗಿಲ ಪಕ್ಕ ಅಂಟಿಸಿದ್ದಾರಲ್ಲ, ಅದನ್ನು ದಿನಾ ಹೋಗಿ ನೋಡುತ್ತಿದ್ದೆ. ಬ್ರೆಡ್ಡು ತರುವ ನೆಪದಲ್ಲಿ, ಬ್ರೆಡ್ಡು ಇದ್ದಾಗಲೂ. ಏಳನೇ ಸಾಲಿನಲ್ಲಿ ನಿನ್ನ ಹೆಸರು. ಪಕ್ಕದ ಜಾಗ ಖಾಲಿ. ಇವತ್ತು ಲೀಸಲೊಟ್ಟೆ ಬರೆಯುತ್ತಾಳೆ, ನಾಳೆ ಬರೆಯುತ್ತಾಳೆ ಎಂದು ಕಾದೆ. ಒಂಬತ್ತು ದಿನವಾದರೂ ಖಾಲಿಯೇ ಇತ್ತು. ನಿನ್ನೆ ವೀಸಿ ಹಿಂದೆ ನಿಂತು, "ಏನಮ್ಮ, ಇದನ್ನೂ ತಳ್ತೀಯಾ?" ಅಂದ.

ಅವನ ಜೇಬಿನ ಪೆನ್ನು ಕಿತ್ತುಕೊಂಡು ನನ್ನ ಹೆಸರು ಬರೆದೆ. ಪೆನ್ಸಿಲಲ್ಲಲ್ಲ, ಶಾಯಿಯಲ್ಲಿ. ನಿನ್ನನ್ನು ಕೇಳಲಿಲ್ಲ. ಬೇಡವಾದರೆ ಹೊಡೆದುಹಾಕು, ಆದರೆ ನೀನೇ ಹೊಡೆದುಹಾಕು, ಅವಳ ಕೈಯಲ್ಲಿ ಮಾಡಿಸಬೇಡ.

ಈ ಲಕೋಟೆಯ ಮೇಲಿರುವುದು ನನ್ನ ಆ ಸ್ಟ್ಯಾಂಪೇ. ಮುದ್ರೆ ನೀಟಾಗಿ ಹೊಡೆಯಲು ಬೆನೆಡಿಕ್ಟಾಳಿಗೆ ನಿನ್ನಷ್ಟು ಕೈ ಕೂರುವುದಿಲ್ಲ, ಹೊಂದಿಕೋ. ಕೆರೆಯದ ಚೀಟಿ ಒಳಗಿದೆ. ನೀನೇ ನಿನ್ನ ಉಗುರಿನಿಂದ ಕೆರೆ. ಗಂಟೆಯ ಆರು ಬಂದರೆ ನನ್ನ ಸುಳ್ಳು ನಿಜವಾಯಿತೆಂದು ನಕ್ಕುಬಿಡು. ನಿನ್ನದಕ್ಕಿಂತ ದೊಡ್ಡದು ಬಂದರೆ ದಯವಿಟ್ಟು ನನಗೆ ಹೇಳಬೇಡ, ನಾನಿನ್ನೂ ಅಷ್ಟೊಂದು ಒಳ್ಳೆಯವಳಾಗಿಲ್ಲ.

ಇನ್ನೊಂದೇ ಮಾತು. ಗುಲಾಮ ಬರೀ ಗುಲಾಮನೇ, ರಾಜ ಅವನನ್ನು ಹೊಡೆಯುತ್ತಾನೆ. ಅವನ ಬಣ್ಣವೇ ತುರುಪಾದ ದಿನ ಮಾತ್ರ ಅವನು ನಮ್ಮ ಆಟದಲ್ಲಿ 'ರೈತ' ಎನಿಸಿಕೊಳ್ಳುತ್ತಾನೆ, ಆಗ ಅವನ ಮುಂದೆ ಯಾವ ಎಲೆಯೂ ನಿಲ್ಲುವುದಿಲ್ಲ. ಮೂವತ್ತೊಂದು ವರ್ಷ ಎದುರಿನ ಕೈಯಲ್ಲಿ ಏನಿದೆಯೋ ಎಂದು ಹೆದರಿ ತಳ್ಳಿದೆ. ಈ ಸಲ ನಿನ್ನ ಕೈಯಲ್ಲಿ ಏನಿದೆ ಎಂದು ನನಗೆ ಗೊತ್ತು, ಕಣಿವೆಗೆಲ್ಲ ಗೊತ್ತು, ಪತ್ರಿಕೆಯಲ್ಲೇ ಬಂದಿದೆ. ಆದ್ದರಿಂದ ನಾನು ತಳ್ಳುವುದಿಲ್ಲ.

ತುರುಪು ಗುಲಾಬಿ.

ನಿನ್ನ ಕೈಗೆ ಯಾವಾಗಲೂ ಒಳ್ಳೆಯ ಎಲೆ ಬೀಳಲಿ, ನನ್ನದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಿದ್ದರೆ ಸಾಕು.

ನಿನ್ನ ಎದುರು ಕುರ್ಚಿಯಲ್ಲಿ ಕೂರಲು ಬರುತ್ತಿರುವ,
ಬುರ್ಗಿ