ಬಾಯಿಬಿಟ್ಟು ಎಣಿಸದ ಕುರಿಗಳು

ಚಿಂತಾಕಿ, ತಾ. ಔರಾದ, ಜಿ. ಬೀದರ
ದಿನಾಂಕ 14-12-2025, ರವಿವಾರ

ಚಿರಂಜೀವಿ ಶಿವಕಾಂತನಿಗೆ, ನಿನ್ನ ಅಪ್ಪ ಹಣಮಂತಪ್ಪ ಇಲ್ಲಿಂದಲೇ ತಲೆ ಸವರಿ ಬರೆಯುವುದು.

ಹೇಗಿದ್ದೀಯಪ್ಪಾ? ಜೋಧಪುರದಲ್ಲಿ ಥಂಡಿ ಜೋರಾಗಿದೆ ಎಂದು ಟಿವಿಯಲ್ಲಿ ನೋಡಿದೆ. ಹೋದ ಸಲ ಬಂದಾಗ ಬೂಟು ಕಚ್ಚಿ ಹಿಮ್ಮಡದಲ್ಲಿ ಗಾಯವಾಗಿತ್ತಲ್ಲ, ಅದು ಮಾಯಿತೋ ಇಲ್ಲವೋ ಬರೆ. ಸೈನ್ಯದವರು ಕೊಟ್ಟ ಬೂಟು ಎಂದು ನೋವು ನುಂಗಿಕೊಂಡು ಓಡಬೇಡ. ಇಲ್ಲಿ ನಾನು ಆರಾಮವಾಗಿದ್ದೇನೆ. ನಿನ್ನ ತಾಯಿಗೆ ಮೊಣಕಾಲು ನೋವಿದೆ, ಆದರೆ ಬಾಯಿಗೆ ಏನೂ ಆಗಿಲ್ಲ, ಅದು ಮೊದಲಿನ ಹಾಗೇ ನಡೆಯುತ್ತಿದೆ. ತೊಗರಿ ಕಾಯಿ ತುಂಬಿದೆ, ಕಡಲೆ ಹೂವಿಗೆ ಬಂದಿದೆ. ಕುರಿಗಳೆಲ್ಲ ಚೆನ್ನಾಗಿವೆ. ಎಷ್ಟಿವೆ ಎಂದು ನೀನೂ ಕೇಳಬೇಡ, ನಾನೂ ಹೇಳುವುದಿಲ್ಲ.

ಫೋನು ಇರುವಾಗ ಅಪ್ಪ ಕಾಗದ ಯಾಕೆ ಬರೆದ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು ನಾಲ್ಕು ಮಾತು ಆಡುತ್ತಿ. ಕಾಗದದಲ್ಲಿ ಹಾಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ನೀನೂ ಮೊದಲ ಬಾರಿಗೆ ನನಗೆ ಕಾಗದ ಬರೆದಿದ್ದಿ. ಕ್ವಾರ್ಟರ್ಸ್ ಸಿಕ್ಕಿದೆ, ರಾಧಿಕಾ ಸಂಕ್ರಾಂತಿಯೊಳಗೆ ಬೀದರದ ನೌಕರಿ ಬಿಟ್ಟು ಅಲ್ಲಿಗೆ ಬರಬೇಕು, ನಾನು ಹೇಳಿದರೆ ಅವಳು ಕೇಳುತ್ತಾಳೆ, ಹೀಗೆ ಬರೆದಿದ್ದಿ. ನಿನ್ನ ಆಸೆ ತಪ್ಪಲ್ಲ. ಮದುವೆಯಾಗಿ ಮೂರು ವರ್ಷವಾದರೂ ನೀವಿಬ್ಬರೂ ಒಂದೇ ಸೂರಿನಡಿ ಇದ್ದ ದಿನಗಳು ಬಹಳ ಕಡಿಮೆ. ಆದರೆ ಅದಕ್ಕೆ ಉತ್ತರ ಹೇಳುವ ಮೊದಲು ಮೊನ್ನೆ ಶುಕ್ರವಾರ ಬೀದರದಲ್ಲಿ ಏನಾಯಿತು ಎಂಬುದನ್ನು ನೀನು ಪೂರ್ತಿ ಓದಬೇಕು.

ರಾಧಿಕಾ ಕೆಲಸ ಮಾಡುವ ಸಾಫ್ಟ್‌ವೇರ್ ಆಫೀಸು ನೀನು ನೋಡಿಲ್ಲ. ಟೇಲರ್ ಅಂಗಡಿಯ ಮೇಲೆ ಮೂರು ಕೋಣೆ, ಅಷ್ಟೇ. ಅದರ ಮಾಲೀಕರು ತನ್ವೀರ ಎಂಬುವರು, ಬೀದರದವರೇ, ಹೈದರಾಬಾದಿನಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿ ಊರಿಗೆ ಬಂದವರು. ವರ್ಷದ ಕೊನೆಗೆ ಅವರಲ್ಲಿ ಒಂದು ಪದ್ಧತಿ ಇದೆ. ಕೆಲಸದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತು ಈ ವರ್ಷ ತಮಗೆ ಹೆಮ್ಮೆ ತಂದ ಎರಡು ಸಂಗತಿ ಹೇಳಬೇಕು, ಒಂದು ಆಫೀಸಿನದು, ಒಂದು ಮನೆಯದು. ಸಂಕೋಚಪಟ್ಟವರಿಗೆ ಬಿರಿಯಾನಿ ಎಲ್ಲರಿಗಿಂತ ಕೊನೆಗೆ ಬಡಿಸುತ್ತಾರಂತೆ. ಮನೆಯವರನ್ನೂ ಕರೆಯುತ್ತಾರೆ. ನಿನ್ನ ತಾಯಿ ಮೊಣಕಾಲಿನ ನೆಪ ಹೇಳಿದಳು, ನಾನು ಹೊಸ ಧೋತರ ಉಟ್ಟು, ಪಟಗಾ ಸುತ್ತಿ, ಸೊಸೆಯ ಜೊತೆ ಏಳರ ಬಸ್ಸು ಹತ್ತಿದೆ.

ಮೊದಲು ಎದ್ದವನು ಭಾಲ್ಕಿಯ ಸಂಘಪಾಲ. ಆಸ್ಪತ್ರೆಯಲ್ಲಿ ಮುದುಕರು ಸಾಲಿನಲ್ಲಿ ನಿಲ್ಲದೆ ಕುಳಿತಲ್ಲೇ ತಮ್ಮ ಸರದಿ ತಿಳಿಯುವ ಹಾಗೆ ಏನೋ ಮಾಡಿದ್ದಾನೆ, ಅದು ಅವನ ಆಫೀಸಿನ ಹೆಮ್ಮೆ. ಮನೆಯದು ಕೇಳಿದರೆ, "ಈ ವರ್ಷ ನಾ ಜ್ವಾಳದ ರೊಟ್ಟಿ ಬಡಿಯೂದು ಕಲ್ತೀನ್ರಿ, ನಮ್ಮವ್ವ ಹೆಸರ ಇಡಲಾರದೆ ತಿಂದಾಳ" ಎಂದ. ಅವನ ತಾಯಿ ಶಾಲುಬಾಯಿ ಮುಂದೆಯೇ ಕೂತಿದ್ದಳು. "ಅವತ್ತ ನನಗ ಹಸಿವಿ ಭಾಳ ಆಗಿತ್ರಿ" ಎಂದಳು. ನಕ್ಕು ನಕ್ಕು ನನ್ನ ಪಟಗಾ ಸಡಿಲಾಯಿತು.

ಆಮೇಲೆ ನಮ್ಮ ರಾಧಿಕಾ ಎದ್ದಳು. ಹೆಮ್ಮೆಯ ಮಾತು ಹೇಳು ಎಂದರೆ ಆಕೆ ಸೋತ ಕಥೆಯಿಂದಲೇ ಶುರು ಮಾಡಿದಳು. ಅವಳು ಫೋನಿನಲ್ಲಿ ಕುರಿ ಸಾಕುವವರಿಗಾಗಿ ಒಂದು ಪ್ರೋಗ್ರಾಂ ಮಾಡುತ್ತಿದ್ದಾಳೆ ಎಂಬುದಷ್ಟೇ ನಿನಗೆ ಗೊತ್ತು. ಯಾವ ಕುರಿಗೆ ರೋಗದ ಸೂಜಿ ಆಗಿದೆ, ಯಾವುದಕ್ಕೆ ಆಗಿಲ್ಲ ಎಂದು ಅದು ನೆನಪಿಡಬೇಕು, ಡಾಕ್ಟರು ಅದನ್ನು ನೋಡಿ ಔಷಧಿ ತರಬೇಕು. ಹೋದ ಬೇಸಿಗೆಯಲ್ಲಿ ಅದನ್ನು ಮೊದಲು ತೋರಿಸಿದ್ದು ನನಗೇ. ಫೋನು ತೆರೆದರೆ ಮೊದಲನೇ ಪ್ರಶ್ನೆಯೇ "ನಿಮ್ಮ ಹತ್ತಿರ ಎಷ್ಟು ಕುರಿಗಳಿವೆ?" ನಾನು ಫೋನನ್ನು ತಿರುಗಿ ಅವಳ ಕೈಗಿಟ್ಟೆ. ನಾವು ಹಿಂಡನ್ನು ಬಾಯಿಬಿಟ್ಟು ಎಣಿಸುವವರಲ್ಲ, ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ನನ್ನ ಅಜ್ಜನೂ ಹೇಳಿದ್ದ, ನಾನೂ ನಿನಗೆ ಹೇಳಿದ್ದೇನೆ. ಆಕೆಗೆ ಸಿಟ್ಟು ಬಂತು. "ಮಾವಾರ, ಎಣಿಕಿ ಇಲ್ಲಂದ್ರ ಕಂಪ್ಯೂಟರ ಹ್ಯಾಂಗ ನಡೀತದ್ರಿ?" ಎಂದಳು. ನಡೆಯದಿದ್ದರೆ ಕೂತಿರಲಿ ಎಂದು ನಾನೂ ಸಿಟ್ಟಿನಿಂದಲೇ ಹೇಳಿದೆ. ನಾಲ್ಕು ದಿನ ಮಾವ ಸೊಸೆ ಮಾತಾಡಲಿಲ್ಲ, ಎರಡು ಕಡೆಯ ಮಾತು ಹೊತ್ತು ತಿರುಗಿ ನಿನ್ನ ತಾಯಿಗೆ ಸಾಕಾಯಿತು.

ನಾನಾದರೂ ಎದುರಿಗೆ ಬೇಡ ಎಂದೆ. ಸಾಯಗಾಂವದಲ್ಲಿ ಆಕೆಯ ತಂದೆ, ನಮ್ಮ ಬೀಗರು, ಮಗಳ ಮನಸ್ಸು ನೋಯಿಸಬಾರದೆಂದು ಫೋನಿನಲ್ಲಿ "ಐದು" ಎಂದು ಒತ್ತಿಬಿಟ್ಟರು. ಊರಿನ ಉಳಿದ ಕುರಿಯವರೂ ಅವರನ್ನು ನೋಡಿ ಒಬ್ಬರು ಮೂರು, ಒಬ್ಬರು ಏಳು ಎಂದು ಒತ್ತಿದರು. ಸುಳ್ಳು ಸಂಖ್ಯೆಗೆ ದೃಷ್ಟಿ ತಾಗುವುದಿಲ್ಲ ನೋಡು. ಡಾಕ್ಟರು ಅದನ್ನೇ ನಂಬಿ ಒಂದು ಸಣ್ಣ ಡಬ್ಬಿಯಲ್ಲಿ ಔಷಧಿ ಹಿಡಿದುಕೊಂಡು ಬಂದರೆ ಮುಂದೆ ಇಡೀ ಬಯಲು ತುಂಬ ಕುರಿ. ಮುಕ್ಕಾಲು ಹಿಂಡುಗಳಿಗೆ ಅವತ್ತು ಸೂಜಿ ಸಿಗಲಿಲ್ಲ. ಜನ ಬೈದದ್ದು ಬೀಗರನ್ನಲ್ಲ, ರಾಧಿಕಾಳನ್ನು. ಈ ಕೆಲಸ ಮಾಡಿಸುತ್ತಿದ್ದ ಸಂಸ್ಥೆಯವರು ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ನಿಲ್ಲಿಸುತ್ತೇವೆ ಎಂದರು. ಅವತ್ತು ಆಕೆ ಊಟ ಮಾಡಲಿಲ್ಲ. ನಿನಗೆ ಫೋನಿನಲ್ಲಿ ತಲೆನೋವು ಎಂದು ಹೇಳಿದ್ದು ಅವತ್ತೇ.

ಮರುದಿನದಿಂದ ಆಕೆ ಆಫೀಸಿನಿಂದ ಬಂದವಳೇ ಸಂಜೆ ಕುರಿದೊಡ್ಡಿಯ ಬಾಗಿಲಲ್ಲಿ ನನ್ನ ಪಕ್ಕ ನಿಲ್ಲತೊಡಗಿದಳು. ಏನೂ ಕೇಳಲಿಲ್ಲ, ಸುಮ್ಮನೆ ನನ್ನ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡಿದಳು. ಒಂಬತ್ತನೇ ದಿನವಿರಬೇಕು, ಕುರಿಗಳೆಲ್ಲ ಒಳಗೆ ಹೋದ ಮೇಲೆ ನಾನು "ಬಿಳಿ ಕಿವಿಯಾಕಿ ಬಂದಿಲ್ಲ" ಎಂದು ತಿರುಗಿ ಹಳ್ಳದ ಕಡೆ ಹೊರಟೆ. ಆಕೆ ಹಿಂದೆಯೇ ಓಡಿ ಬಂದಳು. "ಮಾವಾರ, ನೀವ ಎಣಸಂಗೇ ಇಲ್ಲ, ಒಂದೊಂದರ ಮಾರಿ ನೋಡಿ ಗುರ್ತ ಹಿಡೀತೀರಿ. ಯಾರ ಬಂದಿಲ್ಲ ಅಂಬೂದಷ್ಟೇ ನಿಮಗ ಬೇಕು" ಎಂದಳು. ಅಷ್ಟು ಓದಿದ ಹುಡುಗಿ ನನ್ನ ಕೆಲಸ ನೋಡಿ ಕಲಿತಳಲ್ಲ ಎಂದು ನನಗೆ ಎದೆ ತುಂಬಿ ಬಂತು. ಬಿಳಿ ಕಿವಿಯಾಕೆ ಸಿಕ್ಕಳು, ಬೇಲಿಯಲ್ಲಿ ಸಿಕ್ಕಿಕೊಂಡಿದ್ದಳು.

ಈಗಿನ ಪ್ರೋಗ್ರಾಂ ಹೀಗಿದೆ. ತೆರೆದರೆ ಸಂಖ್ಯೆಯೇ ಇಲ್ಲ, ನಮ್ಮ ಕುರಿಗಳ ಮುಖಗಳೇ ಸಾಲಾಗಿ ಬರುತ್ತವೆ. ಸೂಜಿಯಾದ ಮುಖ ಒತ್ತಿದರೆ ಅದು ದೊಡ್ಡಿಯೊಳಗೆ ಹೋಗುತ್ತದೆ, ಸೂಜಿಯಾಗದ್ದು ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತದೆ. ಅಕ್ಷರ ಬಾರದವರಿಗೂ ಸಾಗುತ್ತದೆ. ಎರಡು ಕರಿ ಟಗರುಗಳ ಮುಖವನ್ನು ಅದು ಒಂದೇ ಎಂದು ತಿಳಿದಿತ್ತು, ಆ ತಪ್ಪು ಹಿಡಿದವನು ನಾನು. "ಒಳಗ ಅದು ಎಣಿಸ್ತದೇನವ್ವಾ?" ಎಂದು ಒಂದು ದಿನ ಕೇಳಿದೆ. ಸುಳ್ಳು ಹೇಳುವ ಹುಡುಗಿಯಲ್ಲ ಆಕೆ. "ಎಣಿಸ್ತದ್ರಿ ಮಾವಾರ, ಡಾಕ್ಟರಿಗೆ ಹೇಳ್ತದ. ನಿಮ್ಮ ಮುಂದ ಬಾಯಿ ಬಿಡಂಗಿಲ್ಲ" ಎಂದಳು. ಇರಲಿ, ಒಳಗೆ ಎಣಿಸುವುದು ಅದರ ಸ್ವಂತ ವಿಷಯ. ನಿನಗೆ ಮಾತ್ರ ಹೇಳುತ್ತೇನೆ, ಒಳಗೆ ನಾನೂ ಎಣಿಸುತ್ತೇನೆ.

ದೀಪಾವಳಿಯ ಮುಂದೆ ಸಾಯಗಾಂವದಲ್ಲಿ ಮತ್ತೆ ಸೂಜಿ ಹಾಕಿದರು. ಸೂಜಿಯಾಗದ ಕುರಿ ಒಂದೂ ಉಳಿಯಲಿಲ್ಲ. ಬೀಗರು ಈಗ ಯಾರು ಸಿಕ್ಕರೂ ಫೋನು ತೆಗೆದು ಕುರಿಗಳ ಮುಖ ತೋರಿಸುತ್ತಾರೆ, ಮೊಮ್ಮಕ್ಕಳ ಫೋಟೋ ಸಹ ಅಷ್ಟು ತೋರಿಸುವುದಿಲ್ಲ. ಇದನ್ನೆಲ್ಲ ರಾಧಿಕಾ ನಿಂತು ಹೇಳಿ, ಇದು ನನ್ನ ಆಫೀಸಿನ ಹೆಮ್ಮೆ ಎಂದಳು. ಮನೆಯ ಹೆಮ್ಮೆ ಯಾವುದು ಎಂದು ತನ್ವೀರ ಕೇಳಿದರು. "ನನ್ನ ಕೆಲಸದಾಗ ತಪ್ಪ ಹಿಡಿಯಾವ್ರು ನಮ್ಮ ಮನ್ಯಾಗೇ ಅದಾರ್ರಿ" ಎಂದು ನನ್ನ ಕಡೆ ಕೈ ಮಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ವೀರ ಬಂದು ನನ್ನ ಎರಡೂ ಕೈ ಹಿಡಿದು, "ಚಾಚಾ, ಆಪ್ ಭೀ ಹಮಾರೇ ಆಫೀಸಕೇ ಆದ್ಮಿ" ಎಂದರು, ನಾನೂ ಅವರ ಆಫೀಸಿನವನೇ ಅಂತೆ. ಶಿವಕಾಂತಾ, ಅರವತ್ತೆರಡು ವರ್ಷ ಕುರಿ ಹಿಂದೆ ತಿರುಗಿದ ನಾನು ಹೀಗೆ ಎದೆ ಉಬ್ಬಿಸಿ ಎಲ್ಲಿಯೂ ನಿಂತಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಆಮೇಲೆ ತನ್ವೀರ ಎಲ್ಲರೆದುರು ಇನ್ನೊಂದು ಮಾತು ಹೇಳಿದರು. ಈ ಪ್ರೋಗ್ರಾಂ ಇನ್ನು ಜಿಲ್ಲೆಯ ಎಲ್ಲ ತಾಲೂಕುಗಳಿಗೂ ಹೋಗುತ್ತದೆ. ಎರಡು ವರ್ಷದ ಕೆಲಸ, ನಾಲ್ಕು ಜನ ಕೈಕೆಳಗೆ, ಮುಖ್ಯಸ್ಥೆ ರಾಧಿಕಾ. ಎಲ್ಲರೂ ಖುಷಿಯಾದರು. ಆಕೆ ಮಾತ್ರ ನನ್ನ ಮುಖ ನೋಡಿದಳು. ನಿನ್ನ ಕಾಗದ ಆಗ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಇಷ್ಟು ಬರೆಯುವುದರಲ್ಲಿ ಕೈ ಸೋತಿತು. ಥಂಡಿಯಲ್ಲಿ ಕಿವಿ ಮುಚ್ಚಿಕೊ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗರಿಗೆಲ್ಲ ನಮ್ಮ ನೆನಪು ಹೇಳು. ದೇವರು ನಿನ್ನನ್ನು ಸುಖವಾಗಿಡಲಿ.

ನಿನ್ನ ಅಪ್ಪ,
ಹಣಮಂತಪ್ಪ

ತಾ.ಕ.: ಇವತ್ತು ಸೋಮವಾರ, ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶುಕ್ರವಾರ ಬೀದರದಿಂದ ಬರುವಾಗ ಬಸ್ಸಿನಲ್ಲಿಯೇ ನಿನ್ನ ಕಾಗದ ಅವಳ ಕೈಗೆ ಕೊಟ್ಟೆ. ನೌಕರಿ ಬಿಡು ಎಂದು ನಾನು ಹೇಳಲಿಲ್ಲ, ಬಿಡಬೇಡ ಎಂದೂ ಹೇಳಲಿಲ್ಲ. ಔರಾದ ಬರುವವರೆಗೆ ಎರಡು ಸಲ ಓದಿದಳು. ಶನಿವಾರ ಮುಂಜಾನೆ ಬೀದರಕ್ಕೆ ಹೋಗಿ ಎರಡು ವರ್ಷದ ಕೆಲಸಕ್ಕೆ ಸಹಿ ಹಾಕಿ ಬಂದಳು. ನಿನಗೆ ತಾನೇ ಹೇಳುತ್ತೇನೆ ಎಂದಳು. ನಾನು ಅವಳಿಗೆ, ಮೊದಲು ನಾನು ಬರೆಯುತ್ತೇನೆ, ಅವನಿಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ ಎಂದೆ. ನಿನ್ನ ಮೇಲೆ ಅವಳಿಗೆ ಬೇಸರವಿಲ್ಲ. ಸಂಕ್ರಾಂತಿಗೆ ಹದಿನೈದು ದಿನ ರಜೆ ಹಾಕಿ ನಿನ್ನ ಕ್ವಾರ್ಟರ್ಸ್ ನೋಡಲು ಬರುತ್ತಾಳೆ, ರೈಲಿನ ಟಿಕೆಟ್ ಆಗಿದೆ. ಇದನ್ನು ಕೇಳಿ ನಿನ್ನ ತಾಯಿ ಸೊಸೆಯನ್ನು ಒಂದೇ ಮಾತು ಕೇಳಿದಳು: "ತಿರುಗಿ ಬರೂ ಟಿಕೆಟ್ ತಗದೀಯೇನವ್ವಾ?" ತೆಗೆಸಿದ್ದಾಳೆ.